ಹೆಣ್ಣು ಇಲಿಗಳ ಗುಂಪು

ಸಿಂಥಿಯಾ ಉದ್ಯಾವರದಿಂದ ದಿನಾ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ ಬರುತ್ತಿದ್ದಳು. ದಂತವೈದ್ಯೆಯಾದ ಅವಳು ಈಗ ದವಡೆಯ ಕೀಲು ಸವೆಯುವ ಕಾಯಿಲೆಯ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಳು. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಅಲುಗಾಡುವುದು ಸಿಗುತ್ತದಲ್ಲ, ಆ ಕೀಲು. ಮೊಣಕಾಲಿನ ಹಾಗೆ ಅದೂ ಸವೆಯುತ್ತದೆ. ಆಗ ಆಕಳಿಸುವುದೂ ಕಷ್ಟ, ಚಪಾತಿ ಜಗಿಯುವುದೂ ಕಷ್ಟ.

ಬದುಕಿರುವವರ ಕೀಲನ್ನು ಕೊಯ್ದು ನೋಡಲಾಗುವುದಿಲ್ಲ. ಅದಕ್ಕೇ ಇಲಿಗಳು. ಅರಿವಳಿಕೆ ಕೊಟ್ಟು ದವಡೆಯ ಕೀಲಿಗೆ ಒಂದು ರಾಸಾಯನಿಕ ಚುಚ್ಚಿದರೆ ಕೆಲವೇ ವಾರಗಳಲ್ಲಿ ಮೂಳೆಯ ತುದಿಯನ್ನು ಮುಚ್ಚಿರುವ ಮೆತ್ತನೆಯ ಪದರ, ಮೃದ್ವಸ್ಥಿ, ಸವೆಯತೊಡಗುತ್ತದೆ. ಆಮೇಲೆ ಸಿಂಥಿಯಾ ಅರ್ಧ ಇಲಿಗಳಿಗೆ ಹೊಸ ಔಷಧ ಕೊಟ್ಟಳು, ಉಳಿದವಕ್ಕೆ ಬರೀ ಉಪ್ಪುನೀರು. ಔಷಧ ಸಿಕ್ಕಿದವು ಗಟ್ಟಿ ಆಹಾರವನ್ನು ಮತ್ತೆ ಕಡಿಯತೊಡಗಿದವು. ಕೊನೆಗೆ ಅವುಗಳನ್ನು ನೋವಾಗದ ಹಾಗೆ ಕೊಂದು ಕೀಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೃದ್ವಸ್ಥಿ ಬಹಳಷ್ಟು ಉಳಿದಿತ್ತು. ಮಾರ್ಗದರ್ಶಕರಾದ ಡಾ. ರೂಪೇಶ್ ಇನ್ನು ಪ್ರಬಂಧ ಬರೆದು ಮುಗಿಸಿ ಎಂದರು. ಅದನ್ನು ಸಲ್ಲಿಸಿದ ಕೂಡಲೇ ಕೆಲಸ ಕೊಡುವುದಾಗಿ ಮಂಗಳೂರಿನ ಒಂದು ಕಾಲೇಜು ಹೇಳಿತ್ತು.

ವಾರಕ್ಕೊಮ್ಮೆ ಅವಳು ಹೊರರೋಗಿ ವಿಭಾಗದಲ್ಲಿ ಕೂರಬೇಕಿತ್ತು. ಎರ್ಮಾಳಿನ ಅಕ್ಕು ಅಲ್ಲಿಗೆ ಬರುತ್ತಿದ್ದರು. ಕಾಪುವಿನಲ್ಲಿ ಮೀನು ಮಾರುವ ಅವರಿಗೆ ಈ ಕೀಲಿನ ನೋವಿನಿಂದ ಗಿರಾಕಿಗಳನ್ನು ಕೂಗಿ ಕರೆಯಲು ಬಾಯಿ ತೆರೆಯಲಾಗುತ್ತಿರಲಿಲ್ಲ. ಸಿಂಥಿಯಾ ಖುಷಿಯಲ್ಲಿ ಔಷಧದ ವಿಷಯ ಹೇಳಿಬಿಟ್ಟಿದ್ದಳು. ಮನುಷ್ಯರಿಗೆ ಬರಲು ಇನ್ನೂ ವರ್ಷಗಳಿವೆ ಎಂದರೂ ಅಕ್ಕು ಪ್ರತಿ ಸಲ ವಿಚಾರಿಸುತ್ತಿದ್ದರು.

ಒಂದು ದಿನ ಬೆಂಚು ತುಂಬಾ ರೋಗಿಗಳಿದ್ದರು. ಎಲ್ಲರೂ ಹೆಂಗಸರು. ಇದ್ದ ಒಬ್ಬ ಗಂಡಸು ಕುಕ್ಕುಂದೂರಿನಿಂದ ಹೆಂಡತಿಯನ್ನು ಕರೆದುಕೊಂಡು ಬಂದವರು. ಈ ಕಾಯಿಲೆ ಹೆಂಗಸರಿಗೇ ಹೆಚ್ಚು ಎಂದು ಸಿಂಥಿಯಾ ಓದಿದ್ದಳು. ಆದರೆ ಅವಳ ಇಲಿಗಳೆಲ್ಲ ಗಂಡು. ಹೆಣ್ಣು ಇಲಿಗಳ ಹಾರ್ಮೋನು ಏರಿಳಿಯುತ್ತದೆ, ನೋವಿನ ಲೆಕ್ಕ ತಪ್ಪುತ್ತದೆ ಎಂದು ಹೆಚ್ಚಿನವರು ಗಂಡನ್ನೇ ತೆಗೆದುಕೊಳ್ಳುತ್ತಿದ್ದರು. ಅವಳೂ ಹಾಗೇ ಮಾಡಿದ್ದಳು.

ಹೆಣ್ಣು ಇಲಿಗಳ ಮೇಲೂ ನೋಡಬೇಕು ಎಂದಾಗ ರೂಪೇಶ್ ಸಿಟ್ಟಾಗಲಿಲ್ಲ.

"ಪ್ರಶ್ನೆ ಸರಿ ಉಂಟು. ಆದರೆ ಪ್ರಾಣಿ ಪ್ರಯೋಗದ ಸಮಿತಿಯ ಅನುಮತಿ ಮತ್ತೆ ಬೇಕು. ಮಂಗಳೂರಿನವರು ಅಷ್ಟು ಕಾಯುವುದಿಲ್ಲ. ಯೋಚನೆ ಮಾಡಿ."

ಮನೆಯಲ್ಲಿ ತಾಯಿ ಲೊರ್ನಾ ಮೊದಲು ಕೆಲಸಕ್ಕೆ ಸೇರಿಕೋ ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ಇನ್ನೂ ಅಷ್ಟು ಇಲಿಗಳನ್ನು ಕೊಲ್ಲಬೇಕಾ ಎಂದು ಕೇಳಿದರು. ಸಿಂಥಿಯಾಳನ್ನು ಕೊರೆಯುತ್ತಿದ್ದದ್ದೂ ಅದೇ. ಆದರೆ ಇಲ್ಲಿಗೇ ನಿಲ್ಲಿಸಿದರೆ ಈವರೆಗೆ ಸತ್ತವು ಅರ್ಧ ಉತ್ತರಕ್ಕಾಗಿ ಸತ್ತ ಹಾಗೆ ಅನ್ನಿಸುತ್ತಿತ್ತು. ಅವಳು ಅರ್ಜಿ ಹಾಕಿದಳು.

ಅನುಮತಿ ತಡವಾಗಿ ಬಂತು. ಅಷ್ಟರಲ್ಲಿ ಮಂಗಳೂರಿನ ಕೆಲಸ ಬೇರೆಯವರಿಗೆ ಹೋಗಿತ್ತು. ಪ್ರಯೋಗ ಮುಗಿದಾಗ ಹೆಣ್ಣು ಇಲಿಗಳ ಮೃದ್ವಸ್ಥಿಯೂ ಔಷಧದಿಂದ ಉಳಿದಿತ್ತು. ಆದರೆ ಅವು ಗಟ್ಟಿ ಆಹಾರವನ್ನು ಮೂಸಿ ಬಿಟ್ಟು ಮೆತ್ತಗಿನದನ್ನೇ ತಿನ್ನುತ್ತಿದ್ದವು. ನೋವು ಅಳೆಯಲು ದವಡೆಯ ಬಳಿ ಸಣ್ಣ ನೈಲಾನ್ ಎಳೆ ತಾಗಿಸಿದರೂ ತಲೆ ಹಿಂದಕ್ಕೆಳೆಯುತ್ತಿದ್ದವು. ಕೀಲು ಉಳಿದಿತ್ತು, ನೋವು ಹೋಗಿರಲಿಲ್ಲ. ರೂಪೇಶ್ ಎಲ್ಲವನ್ನೂ ತಾವೇ ಇನ್ನೊಮ್ಮೆ ನೋಡಿ, ಪ್ರಬಂಧದ ಹೆಸರೇ ಬದಲಾಗಬೇಕು ಎಂದರು. ಇದನ್ನೇ ಮೊದಲ ಅಧ್ಯಾಯ ಮಾಡಿ ಎಂದೂ ಹೇಳಿದರು. ಸಿಂಥಿಯಾಳಿಗೆ ಸಮಾಧಾನವಾಯಿತು, ಬೇಸರವೂ ಆಯಿತು.

ಮುಂದಿನ ವಾರ ಅಕ್ಕು ಬಂದಾಗ ಅವಳು ಸುತ್ತಿ ಬಳಸದೆ ಹೇಳಿದಳು. ಅಕ್ಕು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೇಳಿಸಿಕೊಂಡರು.

"ಹಾಗಾದರೆ ನನ್ನ ನೋವಿಗೆ ಅದು ಆಗುವುದಿಲ್ಲ, ಅಲ್ವಾ?"

"ಹೆಣ್ಣು ಇಲಿಗಳಿಗೆ ಆಗಲಿಲ್ಲ. ನಿಮಗೂ ಆಗಲಿಕ್ಕಿಲ್ಲ ಅಂತಲೇ ನನಗೆ ಕಾಣುತ್ತದೆ. ಯಾಕೆ ಅಂತ ಇನ್ನು ಹುಡುಕಬೇಕು."

"ಹುಡುಕಿ. ಈಗ ನನಗೆ ಎಂತ ಮಾಡುತ್ತೀರಿ?"

ಕೀಲಿನ ಮೇಲೆ ಬೀಳುವ ಭಾರ ಕಡಿಮೆ ಮಾಡಲು ಹಲ್ಲುಗಳ ಮೇಲೆ ಕೂರುವ ಪ್ಲಾಸ್ಟಿಕ್ ಕವಚವೊಂದು ಅಕ್ಕುವಿಗಾಗಿ ತಯಾರಾಗಿತ್ತು. ಸಿಂಥಿಯಾ ಅದನ್ನು ಹಾಕಿ ಕಚ್ಚಲು ಹೇಳಿದಳು. ಎಡಗಡೆ ಎತ್ತರವಾಗುತ್ತದೆ ಎಂದು ಅಕ್ಕು ಕೈಸನ್ನೆ ಮಾಡಿದರು. ಅವಳು ತೆಗೆದು ಸ್ವಲ್ಪ ಉಜ್ಜಿ ಮತ್ತೆ ಹಾಕಿದಳು. ಅಕ್ಕು ಕಚ್ಚಿ ನೋಡಿ, ಇನ್ನೂ ಸ್ವಲ್ಪ ಎಂದು ತಲೆಯಾಡಿಸಿದರು.