ಹಾಲುಮನೆಯ ಹೊಸ್ತಿಲು

ಕ್ರಿಸ್ಮಸ್ಸಿನ ಕೆಲಸವನ್ನು ಜೋಗಿ, ಅವನ ಹೆಂಡತಿ ನಂಜಿ ಹಂಚಿಕೊಂಡಿದ್ದ ರೀತಿಯಲ್ಲಿ ಜಗಳಕ್ಕೆ ಎಡೆಯೇ ಇರಲಿಲ್ಲ. ಮನೆ ಸಾರಿಸುವುದು, ಸಾಮೆ ಕುಟ್ಟುವುದು, ಬೆಲ್ಲ ಪುಡಿಮಾಡುವುದು, ಪಾಯಸ ಕಾಸುವುದು ಅವಳದು. ಕಾಡಿಗೆ ಹೋಗಿ ಆರಾಧನೆಮನೆಗೆ ಹಸಿರು ಕೊಂಬೆ ಕಡಿದು ತರುವುದು, ಎಮ್ಮೆ ಕರೆಯುವುದು ಅವನದು. ಹಾಲಿನ ಹಂಚಿಕೆ ಮಾತ್ರ ಅವರು ಮಾಡಿದ್ದಲ್ಲ, ಅಜ್ಜನ ಅಜ್ಜನ ಕಾಲದಿಂದ ಬಂದದ್ದು. ನೀಲಗಿರಿಯ ಬಡಗರ ಮನೆಯಲ್ಲಿ ಒಳಕೋಣೆಗೆ ಅಂಟಿಕೊಂಡು ಒಂದು ಪುಟ್ಟ ಹಾಲುಮನೆ ಇರುತ್ತದೆ. ಕರೆಯುವ ಬಿದಿರಿನ ಕೊಳಗ, ಮೊಸರಿನ ಗಡಿಗೆ, ಕಡಗೋಲು ಎಲ್ಲ ಅದರೊಳಗೆ. ಗಂಡಸರು ಮಿಂದು ಒಳಗೆ ಹೋಗಬಹುದು. ಹೆಂಗಸು ಹೊಸ್ತಿಲು ದಾಟುವ ಹಾಗಿಲ್ಲ. ಸೊಸೆಯಾಗಿ ಬಂದವಳು ಮುದುಕಿಯಾಗಿ ಸತ್ತರೂ ಆ ನಾಲ್ಕು ಗೋಡೆ ಹೇಗಿವೆಯೆಂದು ಕಂಡಿರುವುದಿಲ್ಲ. ಇದೆಂಥ ನ್ಯಾಯ ಅಂತ ಕೇಳಿದವರಿದ್ದರೆ ಮನಸ್ಸಿನಲ್ಲೇ ಕೇಳಿಕೊಂಡಿರಬೇಕು.

ಊಟಿಗೆ ರೈಲು ಬಂದ ಹೊಸತು. ತುಮ್ಮನಟ್ಟಿಯ ಆಚೆ, ಗುಡ್ಡದ ಬೆನ್ನ ಮೇಲಿನ ಸಣ್ಣ ಹಟ್ಟಿ ಅವರದು. ಒಂದೇ ಸಾಲಿನಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಜೋಗಿ, ನಂಜಿ ಇಬ್ಬರೂ ಮಿಷನ್ನಿನಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡು ಬಂದ ದಿನ ಹಟ್ಟಿಯ ಗೌಡ ಭೋಜನ್ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ ಒಂದು ಮಾತು ಹೇಳಿದ್ದ.

"ನಿನ್ನ ದೇವರು ನಿನಗ ಇರಲಿ, ಜೋಗಿ. ಮನೆ ನಿನ್ನ ಅಪ್ಪನದು, ಇರು. ಆದರೆ ಈ ಕಿರಿಸ್ತಾನತಿ ಹಾಲುಮನೆ ಮೆಟ್ಟಿದ ದಿನ ನಿಂಗ ಇಬ್ಬರೂ ಸಾಲು ಬಿಡಬೇಕು. ಆಮೇಲೆ ಇಲ್ಲಿ ನೀರೂ ಇಲ್ಲೆ, ಹುಲ್ಲೂ ಇಲ್ಲೆ."

ಅಂದು ಜೋಗಿಯ ತಾಯಿ ಮಾದಿ ಮಗನ ಪಕ್ಕದಲ್ಲೇ ಕೂತಿದ್ದಳು. ಅವಳು ಮತ ಬಿಡಲಿಲ್ಲ, ಮಗನನ್ನೂ ಬಿಡಲಿಲ್ಲ. ದೊಡ್ಡ ಮಗನ ಮನೆ ಗೋಡೆಯಾಚೆಗೇ ಇದ್ದರೂ ಚಿಕ್ಕವನ ಒಲೆಯ ಮುಂದೆಯೇ ಉಳಿದಳು. ಕಾರಣ ಕೇಳಿದವರಿಗೆ, "ನಂಜಿ ಸಾರು ಚೆನ್ನಾಗಿ ಮಾಡ್ತಾಳೆ" ಅಂದು ಬಾಯಿ ಮುಚ್ಚಿಸುತ್ತಿದ್ದಳು. ನಂಜಿಗೆ ತಾಯಿಯಿಲ್ಲ. ಆ ಒಂದು ಮಾತಿಗಾಗಿ ಅವಳು ಅತ್ತೆಯ ಕಾಲಡಿ ಮಣ್ಣಾಗಲೂ ಸಿದ್ಧವಿದ್ದಳು.

ಆ ವರ್ಷ ಕ್ರಿಸ್ಮಸ್ಸೂ ಹಟ್ಟಿಯವರ ಹೆತ್ತೆ ಹಬ್ಬವೂ ಬೆನ್ನಿಗೆ ಬೆನ್ನು ಹಚ್ಚಿಕೊಂಡು ಬಂದಿದ್ದವು. ಹೆತ್ತೆಯೆಂದರೆ ಕುಲಕ್ಕೇ ಅಜ್ಜಿಯಾದ ದೇವಿ. ಹಬ್ಬದ ದಿನ ಹೆಂಗಸರೆಲ್ಲ ಹೊಸ ಬಿಳಿ ಮುಂಡು ಉಟ್ಟು ಗುಡಿಗೆ ನಡೆಯುತ್ತಾರೆ. ಮಾದಿ ತನ್ನ ಮುಂಡನ್ನು ತಿಂಗಳ ಮೊದಲೇ ತರಿಸಿ, ಮಡಿಸಿ, ಆಗಾಗ ತೆಗೆದು ಮೂಗಿಗೆ ಹಿಡಿದು ಹೊಸ ಬಟ್ಟೆಯ ವಾಸನೆ ನೋಡುತ್ತಿದ್ದಳು. ಇತ್ತ ನಂಜಿಗೆ ಪಾಯಸದ ಚಿಂತೆ. ಈ ಸಲ ಆರಾಧನೆಮನೆಯ ಸಭೆಯವರೆಲ್ಲರ ಪಾಯಸ ಜೋಗಿಯ ಮನೆಯ ಪಾಲಿಗೆ ಬಂದಿತ್ತು. ಹಾಲಿಗೆ ಇದ್ದದ್ದು ಮುತ್ತಿ ಎಂಬ ಒಂದೇ ಎಮ್ಮೆ.

ಕ್ರಿಸ್ಮಸ್ಸಿನ ಹಿಂದಿನ ದಿನ ಬೆಳಿಗ್ಗೆ ಮುತ್ತಿ ಹಾಲು ಇಳಿಸಲಿಲ್ಲ. ಅದರ ಕರು ಸತ್ತು ಎರಡು ದಿನವಾಗಿತ್ತು. ಜೋಗಿ ಅದರ ಬೆನ್ನು ತಟ್ಟಿ, "ಸಂಕಟ ಕಣೇ, ಗೊತ್ತು. ಬಂದು ಕರೀತೀನಿ" ಎಂದು ಕೊಳಗವನ್ನು ಮತ್ತೆ ಹಾಲುಮನೆಯಲ್ಲಿಟ್ಟು, ಕತ್ತಿ ತೆಗೆದುಕೊಂಡು ಕೊಂಬೆ ಕಡಿಯಲು ಹೋದ. ಹೋದವನು ಮರದ ಮೇಲಿಂದ ಬಿದ್ದ. ಕೂಗು ಕೇಳಿ ನಂಜಿಯೂ ಪಕ್ಕದ ಮನೆಯ ಓರಗಿತ್ತಿ ಮಾಸಿಯೂ ಓಡಿಹೋಗಿ, ಕಂಬಳಿಯಲ್ಲಿ ಹಾಕಿ ಎಳೆದು ತಂದು ಜಗುಲಿಯಲ್ಲಿ ಮಲಗಿಸಿದರು. ಬಲಗಾಲು ಮೊಣಕಾಲಿನ ಕೆಳಗೆ ಸೊಟ್ಟಗೆ ತಿರುಗಿತ್ತು. ಆಲೂಗಡ್ಡೆ ಗಾಡಿಯವನೊಬ್ಬನ ಕೈಯಲ್ಲಿ ಮಿಷನ್ನಿಗೆ ಸುದ್ದಿ ಕಳಿಸಿದರು. ಅಲ್ಲಿಂದ ಜನ ಬರಬೇಕಾದರೆ ಎರಡು ಗುಡ್ಡ ಹತ್ತಿ ಇಳಿಯಬೇಕು, ನಾಳೆ ಬೆಳಗಾದೀತು.

ಮಧ್ಯಾಹ್ನದ ಹೊತ್ತಿಗೆ ಮುತ್ತಿ ಅರಚಲು ಶುರುಮಾಡಿತು.

ಅಯ್ಯೋ, ಆ ಅರಚು! ಕೆಚ್ಚಲು ಬಿಗಿದು ಕಲ್ಲಾಗಿತ್ತು, ಮೊಲೆಗಳು ಕೆಂಪಗೆ ಊದಿದ್ದವು. ಇನ್ನೊಂದು ರಾತ್ರಿ ಹೀಗೇ ಬಿಟ್ಟರೆ ಕೆಚ್ಚಲು ಕೆಟ್ಟು ಎಮ್ಮೆಯೇ ಹೋಗುತ್ತದೆಂದು ನಂಜಿಗೂ ಗೊತ್ತಿತ್ತು. ಅವಳು ಸಾಲಿನ ಮನೆಮನೆಯ ಬಾಗಿಲಿಗೆ ಹೋದಳು. ಭಾವ ಹೆತ್ತೆಯ ಗುಡಿಗೆ ಬರಿಗಾಲಲ್ಲಿ ಹೋಗಿದ್ದ. ಉಳಿದ ಗಂಡಸರೂ ಹಬ್ಬದ ವ್ರತದಲ್ಲಿದ್ದರು. ದೇವರು ಬದಲಾಯಿಸಿದ ಮನೆಯ ಹಾಲುಮನೆಗೆ ವ್ರತ ಹಿಡಿದವನು ಕಾಲಿಡುವನೇ? ಒಬ್ಬ ಮುಖ ತಿರುಗಿಸಿದ, ಇನ್ನೊಬ್ಬ ಒಳಗಿಂದಲೇ ಕೆಮ್ಮಿದ. ಕೊಳಗವನ್ನಾದರೂ ಎರವಲು ಕೊಡಿ ಎಂದಾಗ ಬಾಗಿಲೇ ಮುಚ್ಚಿತು. ನೆರೆಹೊರೆ ಅಂತೆ, ಬೆಂಕಿ ಹಾಕ!

ವಾಪಸು ಬಂದವಳು ಅಡುಗೆಯ ತಾಮ್ರದ ಪಾತ್ರೆ ಹಿಡಿದು ಹೊರಟಳು. ಜೋಗಿ ಜಗುಲಿಯಿಂದಲೇ ಗದರಿದ.

"ಅದರಲ್ಲಿ ಬೇಡ! ಬಿದಿರಿಗೆ ಬೀಳೋ ಹಾಲಿನ ಸದ್ದು ಕೇಳಿದ್ರೇ ಮುತ್ತಿ ಇಳಿಸೋದು. ತಾಮ್ರ ಕಂಡ್ರೆ ಒದೀತದೆ."

ಒದ್ದೇಬಿಟ್ಟಿತು. ಪಾತ್ರೆ ಅಂಗಳದ ತುದಿಗೆ ಉರುಳಿತು, ನಂಜಿಯ ಮೊಣಕೈ ತರಚಿತು.

"ಹಾಗಾದ್ರೆ ಕೊಳಗ ನಾನೇ ತರ್ತೀನಿ" ಎಂದಳು ನಂಜಿ.

"ನಂಜಿ!"

"ಏನು ನಂಜಿ? ಕಲ್ಲಿನ ಮುಂದೆ ಕೈ ಮುಗಿಯೋದು ಬಿಟ್ರಿ, ಹಣೆಯ ಬೂದಿ ಬಿಟ್ರಿ. ಎಲ್ಲಾ ಬಿಟ್ಟ ಗಂಡಸಿಗೆ ಇದೊಂದು ಹೊಸ್ತಿಲು ಬಿಡಕ್ಕಾಗಲ್ವಾ?"

ಜೋಗಿಯ ಮುಖ ಬೆವರಿತ್ತು. ನೋವಿಗೋ ಸಿಟ್ಟಿಗೋ ಹೇಳುವ ಹಾಗಿರಲಿಲ್ಲ. "ಏಸು ಬೇರೆ, ಹಾಲುಮನೆ ಬೇರೆ" ಎಂದ. ಆಮೇಲೆ ದನಿ ತಗ್ಗಿಸಿದ. "ಗೌಡ ಹೇಳಿದ್ದು ಮರೆತೆಯಾ? ಗೋಡೆಯಾಚೆ ಮಾಸಿ ಕಿವಿ ಹಚ್ಚಿ ಕೂತಿದ್ದಾಳೆ. ಸಾಲು ಬಿಟ್ಟು ಎಲ್ಲಿಗೆ ಹೋಗೋಣ? ಮುರಿದ ಕಾಲು ಎಳ್ಕೊಂಡು? ಅವ್ವೆ ನಮ್ಮ ಜೊತೆ ಬರ್ತಾಳಾ?"

ಕೊನೆಯ ಮಾತು ನಂಜಿಯ ಎದೆಗೆ ನಾಟಿತು. ಮಾದಿ ಬರುವುದಿಲ್ಲ. ಹೆತ್ತೆಯ ಗುಡಿ, ಗಂಡನನ್ನು ಸುಟ್ಟ ನೆಲ, ದೊಡ್ಡ ಮಗ, ಎಲ್ಲ ಇಲ್ಲೇ ಇರುವಾಗ ಅವಳು ಮಿಷನ್ನಿನ ಕೇರಿಗೆ ಬಂದು ಬದುಕುವುದುಂಟೇ? ಒಂದು ಕಡೆ ಎಮ್ಮೆ, ಇನ್ನೊಂದು ಕಡೆ ಮನೆಯೂ ಅತ್ತೆಯೂ. ಅತ್ತ ದರಿ, ಇತ್ತ ಪುಲಿ.

"ನಾನೇ ಹೋಗ್ತೀನಿ" ಎಂದು ಜೋಗಿ ಎರಡು ಮೊಣಕೈ ಊರಿ ಜಗುಲಿಯಿಂದ ಇಳಿದ. ಹೊಟ್ಟೆಯ ಮೇಲೆ ತೆವಳಿದ. ಬಾಗಿಲು ದಾಟಿ ಮುಂದಿನ ಕೋಣೆಯ ನಡುವಿಗೆ ಬರುವಷ್ಟರಲ್ಲಿ ಮುರಿದ ಕಾಲು ಒರಳಿಗೆ ತಗುಲಿತು. ಒಂದು ಸಲ ಚೀರಿ ಅಲ್ಲೇ ಕಣ್ಣು ಮೇಲಾಗಿ ಬಿದ್ದುಬಿಟ್ಟ. ನಂಜಿ ಅವನ ತಲೆಯನ್ನು ಮಡಿಲಿಗೆ ತೆಗೆದುಕೊಂಡು ನೀರು ಚಿಮುಕಿಸಿದಳು. ಹೊರಗೆ ಮುತ್ತಿ ಅರಚುತ್ತಲೇ ಇತ್ತು. ಅವನು ಕಣ್ಣು ಬಿಟ್ಟದ್ದೇ ತಡ, ನಂಜಿ ಅವನ ಕೆನ್ನೆ ಸವರಿ ಎದ್ದುಬಿಟ್ಟಳು. ಇನ್ನು ಸಾಕು, ಹೋದರೆ ಹೋಗಲಿ ಈ ಮನೆ. ಒಳಕೋಣೆಯಲ್ಲಿ ಹಾಲುಮನೆಯ ಗಿಡ್ಡ ಬಾಗಿಲ ಮುಂದೆ ನಿಂತು ಸೀರೆ ಎತ್ತಿ ಕಟ್ಟಿದಳು.

"ನಿಲ್ಲು."

ಒಲೆಯ ಮೂಲೆಯಲ್ಲಿ ಇಷ್ಟು ಹೊತ್ತೂ ಕೂತಿದ್ದ ಮಾದಿ ಎದ್ದು ಬಂದಿದ್ದಳು. ಸೊಸೆಯ ತೋಳು ಹಿಡಿದಳು. ಮುದುಕಿಯ ಹಿಡಿತ ಇಕ್ಕಳದ ಹಾಗಿತ್ತು.

"ಬಿಡಿ ಮಾಮಿ. ಎಮ್ಮೆ ಸಾಯ್ತದೆ."

"ಅಂದು ಗೌಡ ಏನ ಹೇಳಿದ?"

"ಗೊತ್ತು ಮಾಮಿ, ಬಿಡಿ."

"ಏನ ಹೇಳಿದ, ಹೇಳು."

ನಂಜಿಗೆ ರೇಗಿತು. "ಕಿರಿಸ್ತಾನತಿ ಮೆಟ್ಟಿದ ದಿನ ಸಾಲು ಬಿಡಬೇಕು ಅಂದ್ರು! ಎಷ್ಟು ಸಲ ಹೇಳ್ಬೇಕು?"

"ಕಿರಿಸ್ತಾನತಿ" ಎಂದಳು ಮಾದಿ. "ನಾನು ಯಾರು?"

ನಂಜಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಗೌಡನ ಮಾತು ಮತ ಬಿಡದ ಅತ್ತೆಗೆ ತಗಲುವುದಿಲ್ಲ. "ಬೇಡ ಮಾಮಿ! ನಿಮ್ಮನ್ನ ಹಬ್ಬಕ್ಕೆ ಸೇರಿಸಲ್ಲ. ಗುಡಿ ಮೆಟ್ಟಿಲು ಹತ್ತಕ್ಕೆ ಬಿಡಲ್ಲ" ಎಂದು ಅಡ್ಡ ನಿಂತಳು. ಮಾದಿ ಅವಳನ್ನು ಪಕ್ಕಕ್ಕೆ ಸರಿಸಿದಳು. ಸೊಸೆಯಾಗಿ ಬಂದಂದಿನಿಂದ ಕಣ್ಣೆತ್ತಿಯೂ ನೋಡದ ಬಾಗಿಲು ಅದು. ಹೊಸ್ತಿಲಿಗೆ ಬಾಗಿ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡಳು. "ತಪ್ಪಾದರೆ ಎನ್ನ ತಲೆಗೆ ಬರಲಿ, ಹೆತ್ತೆ. ಈ ಮಕ್ಕಳ ತಲೆಗ ಬೇಡ" ಎಂದು ಒಳಗೆ ಹೋದಳು.

ಕೊಳಗ ಹಿಡಿದು ಹೊರಬಂದಾಗ ಬಾಗಿಲಲ್ಲಿ ಮಾಸಿ ನಿಂತಿದ್ದಳು. ಜೋಗಿ ಚೀರಿದ್ದು ಕೇಳಿ ಬಂದವಳು. ಅವಳ ಕಣ್ಣು ಮೊದಲು ಕೊಳಗದ ಮೇಲೆ, ಆಮೇಲೆ ತೆರೆದ ಹಾಲುಮನೆಯ ಮೇಲೆ, ಕೊನೆಗೆ ಅತ್ತೆಯ ಮೇಲೆ ಹೋಯಿತು. ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು.

"ಯಾರು ಒಳಗ ಹೋದ್ದು?"

"ನಾನು" ಎಂದುಬಿಟ್ಟಳು ನಂಜಿ. ಅತ್ತೆಯ ಹಬ್ಬ ಉಳಿಯಲಿ ಎಂಬುದೊಂದೇ ಆಗ ತಲೆಯಲ್ಲಿದ್ದದ್ದು.

"ಸುಳ್ಳು ಹೇಳ್ತಾಳೆ, ನಂಬಬೇಡ" ಎಂದಳು ಮಾದಿ. "ಕೊಳಗ ಎನ್ನ ಕೈಲಿದೆ, ಕಣ್ಣಿಲ್ಲೆಯಾ ನಿನಗ? ಹೋಗು, ಗೌಡನಿಗ ಹೇಳು. ಅವನು ಬರೋ ಹೊತ್ತಿಗ ಹಾಲು ಕರೆದಿರ್ತೀವಿ."

ಮಾಸಿ ಅಳುತ್ತಲೇ ಓಡಿದಳು.

ಕರೆಯುವುದೇನು ಸುಲಭವೇ? ಹೆಣ್ಣಿನ ಕೈ ಆ ಎಮ್ಮೆಗೆ ಗೊತ್ತಿಲ್ಲ. ನಂಜಿ ಗಂಡನ ಬೆವರು ಹಿಡಿದ ಕಂಬಳಿ ಹೊದ್ದಳು, ಅವನ ಮುಂಡಾಸು ಸುತ್ತಿಕೊಂಡಳು. ಮುತ್ತಿ ಮೂಸಿ ನೋಡಿ ಅನುಮಾನದಿಂದ ಪಕ್ಕಕ್ಕೆ ಸರಿಯಿತು. ಆಗ ಒಳಗೆ ಬಿದ್ದಲ್ಲಿಂದಲೇ ಜೋಗಿಯ ದನಿ ಬಂತು. ಹಲ್ಲು ಕಚ್ಚಿ, ದಿನವೂ ಕರೆಯುವಾಗ ಹೇಳುವಂತೆ ಎಳೆದೆಳೆದು, "ಹೋ... ಮುತ್ತೀ... ಹೋ..." ಎಂದ. ಎಮ್ಮೆಯ ಕಿವಿ ನಿಮಿರಿತು. "ಹೆಬ್ಬೆಟ್ಟು ಮಡಿಸು ನಂಜಿ. ಎಳೀಬೇಡ, ಹಿಂಡು. ಹೋ... ಮುತ್ತೀ..." ಮಾದಿ ಎಮ್ಮೆಯ ಕತ್ತು ತಬ್ಬಿ ನಿಂತಳು. ಮೊದಲು ನಾಲ್ಕು ಹನಿ, ಅದರಲ್ಲೂ ರಕ್ತದ ಎಳೆ. ಆಮೇಲೆ ಬಿದಿರಿನ ತಳಕ್ಕೆ ಸರ್ರೆಂದು ಹಾಲು ಬಿತ್ತು. ಆ ಸದ್ದು ಕೇಳಿದ್ದೇ ಮುತ್ತಿ ಉಸಿರು ಬಿಟ್ಟು ಕಾಲು ಅಗಲಿಸಿ ನಿಂತಿತು. ನಂಜಿ ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ. ಮೊದಲ ಕೊಳಗ ಚೆಲ್ಲಿದರು. ಆಮೇಲಿನದು ಬೆಳ್ಳಗೆ, ನೊರೆನೊರೆಯಾಗಿ ಬಂತು.

ಹೊತ್ತು ಇಳಿಯುವಾಗ ಗೌಡ ಬಂದ. ಹಿಂದೆ ಹಟ್ಟಿಯೇ ಬಂದಿತ್ತು. ಅವನು ಒಳಗೆ ಬರಲಿಲ್ಲ, ಅಂಗಳದಲ್ಲಿ ಕೋಲೂರಿ ನಿಂತ.

"ಮಾದಿ, ನೀ ಹೋದೆಯಾ?"

"ಹೋದೆ."

"ಇವಳು?"

"ಹೊಸ್ತಿಲು ಮುಟ್ಟಿಲ್ಲೆ. ಬಾಗಿಲ ಮುಂದೆ ಅಡ್ಡ ನಿಂತು ಎನ್ನನ್ನೇ ತಡೆದಳು."

ಮೋಸ ಹೋದೆನೆಂದು ಗೌಡನಿಗೆ ತಿಳಿದಿತ್ತು, ಆದರೆ ಎಲ್ಲರ ಮುಂದೆ ಕೊಟ್ಟ ಮಾತು ತಾನೇ ಆಡಿದ್ದು, ನುಂಗುವ ಹಾಗಿಲ್ಲ. "ಮಾತು ಮಾತೇ. ಜೋಗಿ ಸಾಲಲ್ಲಿ ಇರಲಿ" ಎಂದ. ಕೋಲು ಎತ್ತಿಕೊಂಡ. "ನೀ ಹೆತ್ತೆ ಹಬ್ಬಕ್ಕ ಬರಬೇಡ, ಮಾದಿ. ಈ ವರ್ಷವೂ ಬೇಡ, ಮುಂದೂ ಬೇಡ."

ಮಾದಿ ತಲೆಯಾಡಿಸಿದಳು, ಅಷ್ಟೆ. ಜನ ಚದುರಿತು. ಜೋಗಿ ಗೋಡೆಯ ಕಡೆ ಮುಖ ಮಾಡಿ ಮಗುವಿನಂತೆ ಅಳುತ್ತಿದ್ದ.

ಮಾದಿ ಪೆಟ್ಟಿಗೆ ತೆರೆದು ಬಿಳಿ ಮುಂಡು ಹೊರತೆಗೆದಳು. ಒಲೆಯ ಮುಂದೆ ಕೂತು ಅದನ್ನು ಮಡಿಲಲ್ಲಿಟ್ಟು ಸವರಿದಳು. ಮಡಿಕೆ ಬಿಚ್ಚಿ ಮತ್ತೆ ಮಡಿಸಿದಳು. ಒಲೆಯ ಮೇಲೆ ನಾಳೆಯ ಪಾಯಸದ ಹಾಲು ಕಾಯುತ್ತಿತ್ತು. ನಂಜಿಗೆ ತಡೆಯಲಾಗಲಿಲ್ಲ. ಅತ್ತೆಯ ಕಾಲ ಮೇಲೆ ತಲೆಯಿಟ್ಟು, "ನಮ್ಮ ಹಬ್ಬಕ್ಕಾಗಿ ನಿಮ್ಮ ಹಬ್ಬ ಹೋಯ್ತಲ್ಲ ಮಾಮಿ" ಎಂದು ಬಿಕ್ಕಿದಳು. ಹಾಲು ಮೇಲೆದ್ದದ್ದು ಅವಳಿಗೆ ಕಾಣಲಿಲ್ಲ.

ಮಾದಿಗೆ ಕಂಡಿತು. ಕೈಗೆ ಸಿಕ್ಕಿದ್ದು ಮಡಿಲಲ್ಲಿದ್ದ ಮುಂಡು. ಅದನ್ನೇ ಎರಡೂ ಅಂಗೈಗೆ ಮುದ್ದೆಮಾಡಿ ಸುತ್ತಿ, ಉಕ್ಕುವ ಪಾತ್ರೆಯನ್ನು ಎತ್ತಿ ಕೆಳಗಿಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ. ಬಿಳಿ ಬಟ್ಟೆಗೆ ಉದ್ದಕ್ಕೂ ಕಪ್ಪು ಮಸಿ ಹತ್ತಿತು. ಮುದುಕಿ ಅದನ್ನು ಒಮ್ಮೆ ನೋಡಿ, ಒಲೆಯ ಪಕ್ಕದ ಮೊಳೆಗೆ, ಪಾತ್ರೆ ಹಿಡಿಯುವ ಹಳೆ ಬಟ್ಟೆಯ ಜೊತೆಗೇ, ತಗುಲಿಸಿದಳು.

"ಅಳೋದು ಆಮೇಲೆ" ಎಂದಳು. "ಬೆಲ್ಲ ಎಷ್ಟು ಕುಟ್ಟಬೇಕು, ಅದನ್ನ ಹೇಳು."