ದೊಡ್ಡಕ್ಕನ ಸೊಂಟವೂ ಕಬ್ಬಿಣದ ಗುಂಡೂ

ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಾರೆ. ಒದ್ದೆ ಚಾದರಗಳ ರಾಶಿಯನ್ನು ಎದೆಗವಚಿಕೊಂಡು, ಸೊಂಟವನ್ನು ಹಿಂದಕ್ಕೊಮ್ಮೆ ತಳ್ಳಿ ಮಷಿನ್ನಿನ ಬಾಗಿಲನ್ನು ಧಡಕ್ಕನೆ ಮುಚ್ಚಿ, ಆಡುತ್ತಿದ್ದ ಮಾತು ನಿಲ್ಲಿಸದೆ ಮುಂದಕ್ಕೆ ಹೋಗುವ ಹೆಂಗಸು. ಅಲ್ಲಿ ಯಾರು ದೊಡ್ಡ ಗಂಟು ಎತ್ತುತ್ತಾರೋ ಅವರಿಗೆ ಮರ್ಯಾದೆ. ಆ ಮರ್ಯಾದೆಯಲ್ಲಿ ಅವಳನ್ನು ಮೀರಿಸಿದವರಿಲ್ಲ.

ಅಂಥವಳು ಮನೆಗೆ ಬಂದರೆ ಮೊಮ್ಮಗಳಿಗೆ ಹೆದರುತ್ತಿದ್ದಳು. ಮಗು ಕೈ ಚಾಚಿ, "ಅಜ್ಜಿ, ಎತ್ಕೋ" ಎಂದು ಓಡಿ ಬಂದರೆ ಸಾಕು, ದೊಡ್ಡಕ್ಕ ಕುರ್ಚಿ ಹುಡುಕುತ್ತಿದ್ದಳು. "ಬಾ ಪುಟ್ಟಿ, ತೊಡೆ ಮೇಲೆ ಕೂತ್ಕೋ." ಹಿಂದೊಮ್ಮೆ ಎತ್ತಲು ಬಗ್ಗಿದಾಗ ಬೆನ್ನು ಹಿಡಿದುಕೊಂಡು, ಅರ್ಧ ಎತ್ತಿದ ಮಗು ಕೈಜಾರಿತ್ತು. ಸದ್ಯ, ಹಾಸಿಗೆಯ ಮೇಲೆ ಬಿತ್ತು. ಮಗು ನಕ್ಕಿತು. ಅಜ್ಜಿಗೆ ಮಾತ್ರ ಆ ಹೆದರಿಕೆ ಬಿಡಲಿಲ್ಲ. ಈಚೆಗೆ ಮಗು ಅವಳನ್ನು ಕೇಳುವುದನ್ನೇ ಬಿಟ್ಟು ನೇರ ತಾತನ ಹತ್ತಿರ ಹೋಗತೊಡಗಿತ್ತು. ಬೆನ್ನುನೋವಿಗಿಂತ ಅವಳಿಗೆ ಹೆಚ್ಚು ನೋಯುತ್ತಿದ್ದದ್ದು ಇದು.

ಅವಳ ಓರಗಿತ್ತಿ ಅದೇ ಆಸ್ಪತ್ರೆಯಲ್ಲಿ ನರ್ಸು. ದೊಡ್ಡಕ್ಕನನ್ನು ಡಾಕ್ಟರಿಗೆ ತೋರಿಸಿ, "ಮೂಳೆಗೇನೂ ಆಗಿಲ್ಲ, ನೋವು ಇಳಿದ ಮೇಲೆ ವ್ಯಾಯಾಮ ಮಾಡಬಹುದು" ಎಂದು ಹೇಳಿಸಿಕೊಂಡಳು. ಒಂದು ಭಾನುವಾರ ಚೀಲ ಹಿಡಿದು ಬಂದು, ಹಿಡಿ ಇರುವ ಎರಡು ಕಬ್ಬಿಣದ ಗುಂಡುಗಳನ್ನು ನೆಲಕ್ಕಿಟ್ಟಳು. ಒಂದು ಚಿಕ್ಕದು, ಒಂದು ದೊಡ್ಡದು.

"ಇದೇನಮ್ಮ, ಬಾಗಿಲಿಗೆ ಅಡ್ಡ ಇಡೋದಕ್ಕಾ?" ಎಂದ ದೊಡ್ಡಕ್ಕನ ಗಂಡ. ಅವನು ಬಸ್ ಡ್ರೈವರ್.

"ಅಲ್ಲ ಭಾವ, ಅಕ್ಕನ ಬೆನ್ನಿಗೆ. ಕೆಟಲ್‌ಬೆಲ್ ಅಂತಾರೆ."

"ಭಾರ ಹೊತ್ತೇ ಅವಳ ಬೆನ್ನು ಹೋಗಿರೋದು. ಅದಕ್ಕೆ ಔಷಧಿ ಇನ್ನಷ್ಟು ಭಾರಾನಾ? ಸುಟ್ಟ ಗಾಯಕ್ಕೆ ಬೆಂಕಿ ಹಚ್ತೀರೇನು ನಿಮ್ಮಾಸ್ಪತ್ರೇಲಿ?"

ದೊಡ್ಡಕ್ಕನೂ ದನಿಗೂಡಿಸಿದಳು. "ನಾನು ಮೈ ಮುರಿದು ದುಡಿಯೋಳು ಕಣೇ. ವ್ಯಾಯಾಮ ಎಲ್ಲ ಕೂತು ಕೆಲಸ ಮಾಡೋರಿಗೆ."

"ನನ್ನ ಕಡೆ ಯಾಕೆ ನೋಡ್ತೀಯಾ?" ಎಂದು ಗಂಡ ಬನಿಯನ್ನನ್ನು ಹೊಟ್ಟೆಯ ಮೇಲೆ ಎಳೆದುಕೊಂಡ.

ನರ್ಸು ನಕ್ಕಳು. "ಕೆಲಸ ಮೈನ ದಣಿಸತ್ತೆ ಅಕ್ಕ, ಎತ್ತೋದು ಹೇಗೆ ಅಂತ ಕಲಿಸಲ್ಲ. ಅಲ್ಲಿ ಅವಸರ. ಬೆನ್ನು ಗೂನು ಮಾಡ್ಕೊಂಡು, ಸೊಂಟ ತಿರುಚ್ಕೊಂಡು ಎತ್ತಿಬಿಡ್ತೀರಿ. ಇಲ್ಲಿ ಯಾರೂ ಓಡಿಸ್ಕೊಂಡು ಬರಲ್ಲ. ಕಮ್ಮಿ ಭಾರ, ನಿಧಾನ."

ಆ ಮಾತು ಮುಗಿಯುವಷ್ಟರಲ್ಲಿ ದೊಡ್ಡಕ್ಕನ ಕೈ ದೊಡ್ಡ ಗುಂಡಿನ ಮೇಲಿತ್ತು. ಲಾಂಡ್ರಿಯ ಅಭ್ಯಾಸ, ಚಿಕ್ಕದನ್ನು ಮುಟ್ಟಿದರೆ ಮರ್ಯಾದೆ ಕಮ್ಮಿ. ಚಾದರ ಕೊಡವಿದ ಹಾಗೆ ಎರಡೂ ತೋಳಿನಿಂದ ಬೀಸಿಯೇಬಿಟ್ಟಳು.

"ಅಕ್ಕ, ಇಳಿಸಿ. ಮೆಲ್ಲಗೆ... ನೋವಾಯ್ತಾ?"

"ಇಲ್ಲ. ಆಗೋದ್ರಲ್ಲಿತ್ತು."

ನರ್ಸು ಬೈಯಲಿಲ್ಲ. ದೊಡ್ಡ ಗುಂಡನ್ನು ಮಂಚದ ಕೆಳಗೆ ತಳ್ಳಿ, ಬರಿಗೈಯಲ್ಲಿ ಬಗ್ಗುವುದನ್ನು ತೋರಿಸಿದಳು. ಬೆನ್ನು ನೇರ ಇರಬೇಕು, ಸೊಂಟ ಹಿಂದಕ್ಕೆ ಹೋಗಬೇಕು. ದೊಡ್ಡಕ್ಕ ಬಗ್ಗಿದಾಗಲೆಲ್ಲ ಬೆನ್ನೇ ಬಿಲ್ಲಾಗುತ್ತಿತ್ತು. "ಇದು ನನಗೆ ಹತ್ತೋ ವಿದ್ಯೆ ಅಲ್ಲ ಬಿಡೇ" ಎಂದು ಅವಳು ಕೂರಲು ಹೊರಟಳು.

ನರ್ಸು ಒಂದು ಗಳಿಗೆ ಯೋಚಿಸಿ, ಮಂಚದ ಮೇಲಿದ್ದ ಬಟ್ಟೆರಾಶಿಯನ್ನೆಲ್ಲ ಬಾಚಿ ಅವಳ ತೋಳಿಗೆ ತುಂಬಿದಳು. ಅವಳ ಹಿಂದಿದ್ದ ಬೀರುವಿನ ಬಾಗಿಲು ತೆರೆದಳು.

"ಕೈ ತುಂಬ ಬಟ್ಟೆ ಇದ್ದಾಗ ಮಷಿನ್ ಬಾಗಿಲು ಹೇಗೆ ಮುಚ್ತೀರಿ?"

"ಹಿಂಗೆ." ಬಾಗಿಲು ಧಡಕ್ಕೆಂದಿತು.

"ಅಲ್ಲಾಡಬೇಡಿ. ಹಾಗೇ ನಿಂತಿರಿ. ಭಾವ, ನೋಡಿ."

ಮೊಣಕಾಲು ತುಸು ಮಡಚಿತ್ತು, ಬೆನ್ನು ಹಲಗೆಯ ಹಾಗೆ ನೇರವಿತ್ತು, ಸೊಂಟ ಹಿಂದಿತ್ತು.

"ಇಷ್ಟೇನಾ? ಇದನ್ನ ದಿನಾ ಮಾಡ್ತೀನಲ್ಲೇ."

"ಬಾಗಿಲಿಗೆ ಮಾಡ್ತೀರಿ ಅಕ್ಕ. ಭಾರ ಎತ್ತೋವಾಗ ಮರೀತೀರಿ."

ಅಂದಿನಿಂದ ಪಾಠ ನಡೆಯಿತು. ಚಿಕ್ಕ ಗುಂಡು ಎರಡು ಪಾದಗಳ ನಡುವೆ. ಹಿಂದಿನ ಬಾಗಿಲು ಮುಚ್ಚು, ಹಿಡಿ ಹಿಡಿದುಕೋ, ಪಾದದಿಂದ ನೆಲ ಒತ್ತಿ, ಉಸಿರು ಬಿಡುತ್ತ ಎದ್ದು ನಿಲ್ಲು. ಅದು ಕೈವಶವಾದ ಮೇಲೆ ಗುಂಡನ್ನು ಎದೆಗೆ ಹಿಡಿದು, ಕುರ್ಚಿಯಲ್ಲಿ ಕೂತ ಹಾಗೆ ಇಳಿದು ಏಳುವುದು. ಬೀಸುವುದು ಎಲ್ಲಕ್ಕಿಂತ ಕೊನೆಗೆ. "ತೋಳು ಬರೀ ಹಗ್ಗ ಅಕ್ಕ, ಎಸೆಯೋದು ಸೊಂಟ." ಮೈ ನೊಂದ ದಿನ ರಜೆ. ಲಾಂಡ್ರಿಯಲ್ಲೂ ಅವಳು ಗಂಟಿನ ಮುಂದೆ ಒಂದು ಕ್ಷಣ ನಿಂತು, ಸೊಂಟದಿಂದ ಬಾಗಿಲು ಮುಚ್ಚಿದ ಹಾಗೆ ಬಗ್ಗಿ, ಆಮೇಲೆ ಎತ್ತತೊಡಗಿದಳು. ಜೊತೆಯವರು ನಗುತ್ತಿದ್ದರು. "ನಗ್ರೇ, ನಾಳೆ ನೀವೇ ಬರ್ತೀರಿ" ಎನ್ನುತ್ತಿದ್ದಳು. ಇಷ್ಟು ವರ್ಷದ ರೂಢಿಯನ್ನು ಆ ವಯಸ್ಸಿನಲ್ಲಿ ಬಿಡಿಸಿಕೊಳ್ಳುವುದೆಂದರೆ ಹುಡುಗಾಟವಲ್ಲ. ಅವಳು ಬಿಡಿಸಿಕೊಂಡಳು.

ಒಂದು ಸಂಜೆ ಮಗು ರೂಢಿಯಂತೆ ತಾತನತ್ತ ಓಡಿತು. "ತಡಿ ಪುಟ್ಟಿ, ಬಸ್ಸಲ್ಲಿ ಕೂತು ಕೂತು ತಾತನ ಬೆನ್ನು ಕಟ್ಟಿಗೆ ಆಗಿದೆ" ಎಂದ ಅವನು.

"ಇಲ್ಲಿ ಬಾ" ಎಂದಳು ದೊಡ್ಡಕ್ಕ.

ಮಗು ಕುರ್ಚಿ ನೋಡಿತು. ಅಜ್ಜಿ ಕೂರಲಿಲ್ಲ. ಹತ್ತಿರ ಬಂದ ಮಗುವಿನ ಮುಂದೆ, ಇಲ್ಲದ ಬಾಗಿಲೊಂದನ್ನು ಹಿಂದಕ್ಕೆ ಮುಚ್ಚಿ, ಅದನ್ನು ಎದೆಗವಚಿಕೊಂಡು, ಉಸಿರು ಬಿಡುತ್ತ ಎದ್ದಳು.

"ಅಜ್ಜಿ, ಕುರ್ಚಿ ಬೇಡ್ವಾ?"

"ಬೇಡ ಪುಟ್ಟಿ."

ಗಂಡ ಕೇಳಿದ, "ಆ ಚಿಕ್ಕ ಗುಂಡು ಖಾಲಿ ಇದ್ಯೇನೇ?"

"ಇದೆ ರೀ. ಮೊದಲು ಡಾಕ್ಟರಿಗೆ ತೋರಿಸ್ಕೊಂಡು ಬನ್ನಿ. ಬಾಗಿಲು ಮುಚ್ಚೋದು ನಾನು ಕಲಿಸ್ತೀನಿ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ದುಡಿಯುವ ಮೈಗೂ ವ್ಯಾಯಾಮ ಬೇಕು. ಬೆನ್ನುನೋವು, ಬಿಪಿ, ಎದೆಯ ತೊಂದರೆ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಗುಂಡು ಮುಟ್ಟಬೇಡಿ. ಬಲ್ಲವರೊಬ್ಬರು ಎದುರಿಗಿರಲಿ. ಸುತ್ತ ಜಾಗ ಇರಲಿ, ಕೈ ಒಣಗಿರಲಿ, ಮಕ್ಕಳು ದೂರವಿರಲಿ. ಚುಚ್ಚುವ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ಚಿಕ್ಕ ಗುಂಡಿನಿಂದ ಶುರು ಮಾಡಲು ನಾಚಬೇಡಿ, ನಮ್ಮ ದೊಡ್ಡಕ್ಕನೇ ಅದರಿಂದ ಶುರು ಮಾಡಿದಳು. ಈಗ ಈ ಹಾಳೆ ಪಕ್ಕಕ್ಕಿಟ್ಟು ಎದ್ದು ನಿಂತು, ಕೈ ಖಾಲಿ ಇಟ್ಟುಕೊಂಡು, ನಿಮ್ಮ ಹಿಂದಿನ ಬಾಗಿಲನ್ನೊಮ್ಮೆ ಮುಚ್ಚಿ ನೋಡಿ.