ಚಿರತೆ ಚಿಟ್ಟೆಗಳು ಕೂತ ಜಾಗ

ಚಿರತೆ ಚಿಟ್ಟೆಗಳಲ್ಲಿ ದೊಡ್ಡದು ಶಿಕಾರಿಪುರದ ಕಾಲೇಜಿನ ಹಿತ್ತಲಲ್ಲೂ ಸಿಗುತ್ತದೆ. ಅದೇ ಕುಲದ ಚಿಕ್ಕದಕ್ಕೆ ಕಾಡೇ ಬೇಕು. ಎರಡೂ ಕಿತ್ತಳೆ ಬಣ್ಣದವು, ಎರಡಕ್ಕೂ ಕಪ್ಪು ಚುಕ್ಕೆ. ಚಿಕ್ಕದರ ರೆಕ್ಕೆಯಂಚಿನ ಕಪ್ಪು ತುಸು ದಪ್ಪ. ಅದು ಕಾಣಬೇಕಾದರೆ ಮೊಳದಷ್ಟು ಹತ್ತಿರ ಹೋಗಬೇಕು. ನಾಗವೇಣಿಯ ಅಕ್ಕನ ಮಗಳು ರಕ್ಷಿತಾಳ ಕಾಲೇಜು ಪ್ರಾಜೆಕ್ಟು ಆ ಒಂದು ಫೋಟೊಗಾಗಿ ನಿಂತಿತ್ತು. "ನೀನು ಜೊತೆಗಿದ್ರೆ ಮಾತ್ರ ಕಾಡಿಗೆ ಕಳಿಸ್ತೀನಿ" ಎಂದಿದ್ದಳು ಅಕ್ಕ. ಹಾಗಾಗಿ ಫೆಬ್ರವರಿಯಲ್ಲಿ ನಾಗವೇಣಿ ಹುಡುಗಿಯನ್ನು ಕರೆದುಕೊಂಡು ಕ್ಯಾಸನೂರಿಗೆ ಬಂದಳು.

ಉಳಿದುಕೊಂಡ ಮನೆಯ ಮಾಸ್ತಪ್ಪ ಉಣ್ಣೆಹುಳ ಹತ್ತದಂತೆ ಹಚ್ಚುವ ಎಣ್ಣೆಯ ಸೀಸೆ ಕೊಟ್ಟ. "ಕೈಕಾಲಿಗೆ ಬಳ್ಕಂಡು ಹೋಗಿ ಅಕ್ಕೋರೇ. ಮಂಗನ ಕಾಯಿಲೆಗೆ ತವರುಮನೆ ನಮ್ಮೂರು, ಬಂದೋರ್ನ ಬರಿಗೈಲಿ ಕಳ್ಸಲ್ಲ."

ರಕ್ಷಿತಾ ಮೂಗು ಮುಚ್ಚಿಕೊಂಡಳು. "ಈ ವಾಸನೆಗೆ ಚಿಟ್ಟೆ ಹತ್ರಾನೇ ಬರಲ್ಲ ಚಿಕ್ಕಮ್ಮ."

ಎಲ್ಲದಕ್ಕೂ ಬೇಡ ಎನ್ನುವ ನಾಗವೇಣಿ ಅವತ್ತು ಸೋತಳು. "ಕೈಗೆ ಬಿಡು. ಕಾಲಿಗಾದ್ರೂ ಹಚ್ಕೋ."

ಕಾಡಂಚಿನ ಹಾದಿಯ ಪಕ್ಕ ನೆಲವೆಲ್ಲ ಒಣಗಿ ಬಿರುಕು ಬಿಟ್ಟಿತ್ತು. ಒಂದು ಕಡೆ ಮಾತ್ರ ಒದ್ದೆ. ಅಲ್ಲಿ ನಲವತ್ತೈವತ್ತು ಚಿರತೆ ಚಿಟ್ಟೆಗಳು ಒತ್ತೊತ್ತಾಗಿ ಕೂತು ಮಣ್ಣು ಹೀರುತ್ತಿದ್ದವು. ರಕ್ಷಿತಾ ತರಗೆಲೆಯ ಮೇಲೆ ಬೋರಲು ಮಲಗಿ, ಮೊಣಕೈಯೂರಿ ತೆವಳಿದಳು. ಚಿಟ್ಟೆಯೊಂದು ಎದ್ದು ಬಂದು ಅವಳ ಬೆವರಿದ ಮಣಿಕಟ್ಟಿನ ಮೇಲೆ ಕೂತಿತು.

"ಚಿಕ್ಕದು! ಅಂಚು ನೋಡು ಚಿಕ್ಕಮ್ಮ!"

ನಾಗವೇಣಿ ಅಂಚು ನೋಡಲಿಲ್ಲ. ಚಿಟ್ಟೆಗಳ ನಡುವೆ ಅರಿಶಿನದ ಕಲೆಯಿತ್ತು, ಬಾಡಿದ ಸೇವಂತಿಗೆ, ಊದುಕಡ್ಡಿಯ ತುಂಡು. ಮತ್ತೆ ಒಂದು ಹಿಡಿ ಬೂದುಗೂದಲು.

"ಏಳು," ಎಂದಳು. ತೋಳು ಹಿಡಿದು ಎಬ್ಬಿಸಿದಳು.

"ಓ, ಅದಾ?" ಎಂದ ಮಾಸ್ತಪ್ಪ, ಮನೆಗೆ ಮರಳಿ ಕೇಳಿದಾಗ. "ನಿನ್ನೆ ಹನುಮಪ್ಪ ಮರದಿಂದ ಬಿದ್ದು ತೀರ್ಕಂಡ. ಅಲ್ಲೇ ಮೈ ತೊಳ್ದು, ಹೂ ಹಾಕಿ, ಆಚೆ ಮಣ್ಣು ಮಾಡಿದ್ವಿ."

"ಆಸ್ಪತ್ರೆಯೋರಿಗೆ ತಿಳಿಸ್ಲಿಲ್ವಾ?"

"ತಿಳಿಸಿದ್ರೆ ಹೊಟ್ಟೆ ಕೊಯ್ತಾರೆ. ದೇವ್ರ ಹೊಟ್ಟೆ ಕೊಯ್ಯಕ್ಕೆ ಬಿಡಕ್ಕಾಗ್ತದಾ ಅಕ್ಕೋರೇ?"

ಸತ್ತ ಮಂಗನ ಮೈ ತಣ್ಣಗಾದರೆ ರೋಗ ಹೊತ್ತ ಉಣ್ಣೆಗಳು ಇಳಿದು ಸುತ್ತಲ ತರಗೆಲೆಯಲ್ಲಿ ಕಾಯುತ್ತವೆ. ನಾಗವೇಣಿ ಅದನ್ನು ಓದಿದ್ದಳು, ಕಾಲೇಜಿನಲ್ಲಿ ಪಾಠವನ್ನೂ ಮಾಡಿದ್ದಳು. ಬಚ್ಚಲಲ್ಲಿ ರಕ್ಷಿತಾಳ ತೋಳನ್ನು ಬೆಳಕಿಗೆ ಹಿಡಿದು ಬೆರಳಗಲ ಬೆರಳಗಲ ನೋಡಿದಳು. ಮೊಣಕೈ ಮಡಿಕೆಯಲ್ಲಿ ರಾಗಿಕಾಳಿನಷ್ಟು ಕಪ್ಪು. ಒರೆಸಿದರೆ ಹೋಗಲಿಲ್ಲ. ಅದಕ್ಕೆ ಕಾಲುಗಳಿದ್ದವು.

ಚಿಮಟದಿಂದ ಎಳೆದು ತೆಗೆದಳು.

"ಏನೂ ಆಗಲ್ಲ ಅಲ್ವಾ?" ರಕ್ಷಿತಾ ನಗಲು ನೋಡಿದಳು.

"ಎಂಟು ದಿನ ಜ್ವರ ಬರಬಾರದು."

ಅಷ್ಟರಲ್ಲಿ ಫೋನು ಬಂತು. ಅಕ್ಕ. "ಸಿಕ್ತೇನೇ ಚಿಟ್ಟೆ?"

"ಸಿಕ್ತು," ಎಂದಳು ನಾಗವೇಣಿ. "ಅಕ್ಕಾ, ಸ್ವಲ್ಪ ಕೂತ್ಕೊಂಡು ಕೇಳು."